ಹದಿನೇಳನೆಯ ಸಾಲು

ಮಚ್ಚು ಮೂರನೆಯ ಸಲ ಬಾಗಿಲಿಗೆ ಬಿದ್ದಾಗ ಯತೀಶ ಕೈಯಲ್ಲಿದ್ದ ಹಾಳೆಯ ಹದಿನೇಳನೆಯ ಸಾಲನ್ನು ಓದುತ್ತಿದ್ದ.

ಬಾಗಿಲ ಒಳಗೆ ದೊಡ್ಡವ್ವ ಶಿವನಂಜಮ್ಮ. ಹೊರಗೆ ಅವಳ ಗಂಡ ಮರಿಸಿದ್ದಯ್ಯ, ಎಪ್ಪತ್ತು ದಾಟಿದ ಮನುಷ್ಯ, ಕುಲದ ಯಜಮಾನ. ಹತ್ತು ನಿಮಿಷದ ಹಿಂದೆ ಇದೇ ದೊಡ್ಡಪ್ಪ 'ಕಾಫಿ ಕುಡಿ ಮಗ' ಎಂದಿದ್ದ.

"ಯಾವನ್ಗೆ ಎತ್ತೆ, ಯೋಳೇ!"

ಹಿತ್ತಾಳೆ ಚೊಂಬಿನ ಮೊದಲ ಏಟಿಗೇ ಅವಳ ಹಣೆ ಒಡೆದಿತ್ತು. ಅಡುಗೆಮನೆಯಿಂದ ಕೋಣೆಯವರೆಗೆ ರಕ್ತ ಹನಿದಿತ್ತು. ಯತೀಶ ಅದು ಕಾಲಿಗೆ ತಾಗದ ಹಾಗೆ ನಿಂತಿದ್ದ.

ಬೆಳಿಗ್ಗೆ ಮಂಡ್ಯದಲ್ಲಿ ಬಸ್ಸು ಹತ್ತಿದಾಗ ಇದೂ ಒಂದು ದಿನ ಅಷ್ಟೆ ಎನಿಸಿತ್ತು. ದೊಡ್ಡಪ್ಪ ತಿಂಗಳಿಂದ ಫೋನು ಮಾಡಿ ತಲೆ ತಿಂದಿದ್ದ. ನಮ್ಮ ಕುಲದ ರಕ್ತ ಪರೀಕ್ಷೆ ಮಾಡಿದೆಯಲ್ಲ, ಆ ಕಾಗದ ಕೊಡು, ಕಟ್ಟು ಹಾಕಿಸಿ ಪಡಸಾಲೆಯಲ್ಲಿ ನೇತುಹಾಕುತ್ತೇನೆ ಎಂದು. ರಕ್ತವಲ್ಲ, ಎಂಜಲು ಎಂದು ಯತೀಶ ತಿದ್ದಿದ್ದ. ಎಂಜಲಿಗೆ ಕಟ್ಟು ಹಾಕಿಸುವ ಮಾತು ದೊಡ್ಡಪ್ಪನಿಗೆ ಹಿಡಿಸಿರಲಿಲ್ಲ.

ಮೂರು ವರ್ಷದ ಹಿಂದೆ, ಸಂಶೋಧನೆಗೆಂದು ನಲವತ್ತು ಗಂಡಸರ ಎಂಜಲನ್ನು ಕೊಳವೆಗಳಲ್ಲಿ ತುಂಬಿಕೊಂಡು ಹೋಗಿದ್ದ. ಹತ್ತಿರದ ಸಂಬಂಧಿಕರು ಬೇಡ ಎಂಬುದು ನಿಯಮ. ಸಂಬಂಧಿಕರು ಬೇಡವೆಂದರೆ ಆ ಊರಲ್ಲಿ ಉಳಿಯುವುದು ಕರೆಂಟು ಕಂಬಗಳು ಮಾತ್ರ. ಎಲ್ಲರದ್ದೂ ತೆಗೆದುಕೊಂಡ. ಉಳಿದದ್ದನ್ನು ಸಾಫ್ಟ್‌ವೇರು ನೋಡಿಕೊಳ್ಳುತ್ತದೆ. ಅದು ಒಬ್ಬೊಬ್ಬರನ್ನೂ ಉಳಿದವರ ಜೊತೆ ಹೋಲಿಸಿ, ವಂಶವಾಹಿಯ ಎಷ್ಟು ಪಾಲು ಒಂದೇ ಎಂದು ಲೆಕ್ಕ ಹಾಕಿ, ಹತ್ತಿರದ ಜೋಡಿಯಲ್ಲಿ ಒಬ್ಬನನ್ನು ಪಟ್ಟಿಯಿಂದ ಕಿತ್ತುಹಾಕುತ್ತದೆ. ಯಾರನ್ನು ಕಿತ್ತಿತು ಎಂದು ಯತೀಶ ನೋಡಲು ಹೋಗಿರಲಿಲ್ಲ. ಮನುಷ್ಯರ ಮುಖ ನೋಡದೆ ಮನುಷ್ಯರನ್ನು ತಿಳಿಯಬಹುದೆಂದೇ ಅವನಿಗೆ ಈ ವಿದ್ಯೆ ಇಷ್ಟವಾಗಿತ್ತು.

ಕೊಳವೆಗಳ ಮೇಲೆ ಹೆಸರಿರಲಿಲ್ಲ, ಬರೀ ನಂಬರು. ಗುಟ್ಟು ಕಾಯಲು ಅಷ್ಟು ಸಾಕೆಂದು ಮೇಲಿನವರು ಸಹಿ ಹಾಕಿದ್ದರು. ಆದರೆ ಆ ದಿನ ಗಂಡಸರು ನಿಂತದ್ದು ವೀಳ್ಯದ ಸರದಿಯಲ್ಲಿ. ಮದುವೆಯಲ್ಲಿ ವೀಳ್ಯ ಮೊದಲು ಯಜಮಾನನಿಗೆ, ಆಮೇಲೆ ಅವನ ತಮ್ಮಂದಿರಿಗೆ, ಆಮೇಲೆ ಹಿರಿಮಗನಿಗೆ. ಸರದಿ ತಪ್ಪಿದರೆ ಊಟ ಬಿಟ್ಟು ಎದ್ದುಹೋಗುವ ಜನ. ಒಂದು ಯಾರು, ನಾಲ್ಕು ಯಾರು ಎಂಬುದು ಊರಿಗೆಲ್ಲ ಬಾಯಿಪಾಠ. ಅದೇ ಕುಲದಲ್ಲಿ ಹುಟ್ಟಿದ ಯತೀಶನಿಗೆ ಮಾತ್ರ ಇದು ಹೊಳೆದಿರಲಿಲ್ಲ.

ಇವತ್ತು ಕಟ್ಟು ಹಾಕಿಸಲೆಂದು ತಂದ ಬಣ್ಣದ ಚಿತ್ರದ ಜೊತೆ ಆ ಲೆಕ್ಕದ ಹಾಳೆಯೂ ಬಂದಿತ್ತು. ದೊಡ್ಡಪ್ಪನ ಮಗ ಸಿದ್ದೇಶ, ಶಿವನಸಮುದ್ರದ ಪವರ್‌ಹೌಸಿನಲ್ಲಿ ಇಂಜಿನಿಯರು, ಅದನ್ನು ಎಳೆದುಕೊಂಡು ತಮಾಷೆಗೆ ಗಟ್ಟಿಯಾಗಿ ಓದತೊಡಗಿದ. ಕೆಳಗೆ ಯತೀಶನೇ ವಿವರಣೆ ಬರೆದಿದ್ದ: ಅಪ್ಪ, ಮಗ ಆದರೆ ಅರ್ಧ.

"ಒಂದು ಅಪ್ಪ. ನಾಕು ನಾನು. ಒಂದಕ್ಕೂ ನಾಕಕ್ಕೂ..." ಸಿದ್ದೇಶ ನಿಲ್ಲಿಸಿದ.

"ಎಷ್ಟ್ಲಾ?" ಎಂದ ಮರಿಸಿದ್ದಯ್ಯ.

"ಸೊನ್ನೆ."

ಸಿದ್ದೇಶ ಅಪ್ಪ ಅವ್ವನ ಮದುವೆಯಾಗಿ ಒಂಬತ್ತು ವರ್ಷಕ್ಕೆ ಹುಟ್ಟಿದ ಒಬ್ಬನೇ ಮಗ. ಆಗ ಊರು ಆಡಿಕೊಂಡದ್ದನ್ನು ಮರಿಸಿದ್ದಯ್ಯ ಮರೆತಿರಲಿಲ್ಲ. ಅವನ ಕೈಗೆ ಚೊಂಬು ಸಿಕ್ಕಿತು. ಆಮೇಲೆ ಕಬ್ಬು ಕಡಿಯುವ ಮಚ್ಚು.

ಹದಿನೇಳು ಚಿಕ್ಕಬೋರಯ್ಯ. ಊರ ಆಚೆ ತುದಿಯವನು, ದೊಡ್ಡಪ್ಪನಿಗಿಂತ ಎರಡು ವರ್ಷ ದೊಡ್ಡವನು. ಅವನಿಗೂ ಒಂದಕ್ಕೂ ಅರ್ಧ, ಅದೂ ಅಣ್ಣತಮ್ಮಂದಿರ ಅರ್ಧವಲ್ಲ, ಅಪ್ಪ ಮಗನ ಅರ್ಧ. ಎಂದರೆ ಚಿಕ್ಕಬೋರಯ್ಯ ತನಗಿಂತ ಚಿಕ್ಕವನ ಮಗ. ನಗಬೇಕಾದ ಲೆಕ್ಕ. ಯತೀಶ ಆ ಸಾಲಿನ ಮೇಲೆ ಬೆರಳಿಟ್ಟು ಮತ್ತೆ ಓದಿದ.

ಅವನಿಗೆ ನೆನಪಾಯಿತು. ಆ ದಿನ ಮದ್ದೂರಿನಲ್ಲಿ ಬಸ್ಸು ಕೆಟ್ಟು ನಿಂತು, ಪೆಟ್ಟಿಗೆಯ ಐಸು ಕರಗಿ, ಎರಡು ಕೊಳವೆಗಳ ಚೀಟಿ ನೀರಿಗೆ ಕಳಚಿಬಿದ್ದಿದ್ದವು. ನಾಲ್ಕು, ಹದಿನೇಳು. ಅಂದಾಜಿನ ಮೇಲೆ ಅಂಟಿಸಿದ್ದ. ಯಾರಿಗೂ ಹೇಳಿರಲಿಲ್ಲ.

ಈಗ ಹೇಳಬಹುದಿತ್ತು. ಚೀಟಿ ಅದಲುಬದಲಾಗಿದೆ, ತಪ್ಪು ನನ್ನದು. ಹೇಳಿದರೆ ಸಿದ್ದೇಶ ಸುಮ್ಮನಿರುವವನಲ್ಲ, ಮೈಸೂರಿನ ವಿಶ್ವವಿದ್ಯಾಲಯಕ್ಕೆ ಬರೆಯುತ್ತಾನೆ. ಎರಡು ಕೊಳವೆ ತಪ್ಪಾದರೆ ನಲವತ್ತರ ಮೇಲೂ ಅನುಮಾನ. ಮುಂದಿನ ತಿಂಗಳು ಅಚ್ಚಾಗುವ ಪ್ರಬಂಧ, ಅದರ ಬೆನ್ನಿಗೆ ಸಿಗುವ ಕೆಲಸ, ಎರಡೂ ಹೋಗುತ್ತವೆ. ತನ್ನ ಮೇಲೆ ತನಗೇ ಅಸಹ್ಯವಾಯಿತು. ಅಸಹ್ಯವಾಯಿತಲ್ಲ ಎಂದು ಒಂದಿಷ್ಟು ಸಮಾಧಾನವೂ ಆಯಿತು.

ಸಿದ್ದೇಶ ಬಂದು ಅವನ ಕೊರಳಪಟ್ಟಿ ಹಿಡಿದ. ಅಪ್ಪನ ಕೈ ತಡೆಯಲು ಹೋಗಿ ಅವನ ಅಂಗೈ ಸೀಳಿತ್ತು. ಯತೀಶನ ಬಿಳಿ ಅಂಗಿ ಕೆಂಪಾಯಿತು.

"ಸುಳ್ಳು ಅಂತ ಯೋಳ್ಲಾ. ಅವ್ವನ್ನ ಸಾಯಿಸ್ಬುಡ್ತಾನೆ ಕಣ್ಲಾ."

"ಅದು... ಅಂದಾಜು ಲೆಕ್ಕ."

"ಸರೀನಾ, ತಪ್ಪಾ?"

"ಇನ್ನೊಂದ್ಸಲ ನೋಡ್ಬೇಕು."

ಸಿದ್ದೇಶ ಅವನ ತಲೆಯನ್ನು ಗೋಡೆಗೆ ಅಪ್ಪಳಿಸಿದ. ತುಟಿ ಒಡೆದು ಬಾಯಲ್ಲಿ ಉಪ್ಪುಪ್ಪು.

"ನೋಡೋದೇನ್ಲಾ! ತಪ್ಪು ಅನ್ನು, ಸಾಕು!"

ಮಚ್ಚು ನಿಂತಿತು. ಮರಿಸಿದ್ದಯ್ಯ ತಿರುಗಿದ. ಉಸಿರು ಏರಿತ್ತು. ಆ ಮುಖದಲ್ಲಿ ಆಸೆ ಇತ್ತು, ಯತೀಶ ಅದನ್ನು ಸ್ಪಷ್ಟವಾಗಿ ಕಂಡ.

"ತಪ್ಪಾಗಿರ್ಬೋದೇನ್ಲಾ, ಮಗ?"

ಯತೀಶ ಹದಿನೇಳನೆಯ ಸಾಲು ಒಳಗೆ ಬರುವಂತೆ ಹಾಳೆಯನ್ನು ಮಡಿಸಿದ.

"ಸಾಮಾನ್ಯವಾಗಿ ಆಗಲ್ಲ ದೊಡ್ಡಪ್ಪ."

ಆಗ ಒಳಗಿನಿಂದ ಚಿಲಕ ತೆಗೆದ ಸದ್ದಾಯಿತು. ಶಿವನಂಜಮ್ಮ ಹೊರಬಂದಳು. ಹಣೆಗೆ ಒತ್ತಿಹಿಡಿದ ಸೆರಗು ತೊಯ್ದಿತ್ತು. ಗಂಡನ ಕಡೆ ನೋಡಲಿಲ್ಲ, ಮಗನ ಕಡೆಗೂ ನೋಡಲಿಲ್ಲ. ನೇರ ಯತೀಶನ ಎದುರು ಬಂದು ನಿಂತಳು.

"ಎಲ್ಲಾ ಕೇಳುಸ್ಕತಿದ್ದೆ," ಎಂದಳು. "ತಪ್ಪು ಅನ್ನಕ್ಕೆ ನಿನ್ ಬಾಯ್ಗೆ ಏನ್ ಬಂದಿತ್ಲಾ?"

ಅವನ ಮುಖಕ್ಕೆ ಉಗಿದಳು.

ಬೆಚ್ಚಗಿನ, ರಕ್ತ ಬೆರೆತ ಎಂಜಲು ಕೆನ್ನೆಯಿಂದ ಗಲ್ಲಕ್ಕೆ ಇಳಿಯಿತು. ಹೆಂಗಸರಿಗೆ ವೀಳ್ಯದ ಸರದಿ ಇಲ್ಲ. ಅವಳದು ಅವನ ಪಟ್ಟಿಯಲ್ಲಿ ಇರಲಿಲ್ಲ. ಅವಳ ಬೆನ್ನ ಹಿಂದೆ ಮಚ್ಚು ಮೇಲೇಳುತ್ತಿತ್ತು. ಸಿದ್ದೇಶ ಏನೋ ಕೂಗಿದ. ಯತೀಶ ಮುಖ ಒರೆಸಿಕೊಳ್ಳಲಿಲ್ಲ. ಅವನ ಕೈ ತಾನಾಗಿ ಚೀಲದೊಳಗೆ ಹೋಗಿ ಖಾಲಿ ಕೊಳವೆಯೊಂದಕ್ಕೆ ತಡಕಾಡುತ್ತಿತ್ತು. ಪರೀಕ್ಷೆಗೆ ಎರಡು ಮಿಲಿಲೀಟರಾದರೂ ಬೇಕು, ಇದು ಸಾಲದು.