ಪೊರೆಯೊಳಗೆ ಉಳಿದ ಸಂಕೇತ

2001ರ ಬೇಸಿಗೆಯಲ್ಲಿ ವಿಭಾ ಆರು ತಿಂಗಳ ಗರ್ಭಿಣಿ. ರಕ್ತದೊತ್ತಡ ಏರಿದ್ದರಿಂದ ಹೆರಿಗೆಯವರೆಗೂ ಮಲಗಿಯೇ ಇರಬೇಕೆಂದು ಡಾಕ್ಟರು ಕಟ್ಟುನಿಟ್ಟು ಮಾಡಿದರು. ಅಣ್ಣಾ ನಗರದ ತವರುಮನೆಯಲ್ಲಿ ಮಲಗಿದವಳಿಗೆ ಮಗುವಿನ ಚಿಂತೆಯ ಜೊತೆಗೆ ಲ್ಯಾಬಿನಲ್ಲಿ ಅರ್ಧಕ್ಕೆ ಬಿಟ್ಟುಬಂದ ಬ್ಯಾಕ್ಟೀರಿಯಾಗಳ ಚಿಂತೆ.

ಆ ಬ್ಯಾಕ್ಟೀರಿಯಾಗಳು ಒಂದು ರಾಸಾಯನಿಕವನ್ನು ಹೊರಗೆ ಬಿಡುತ್ತವೆ. ಸುತ್ತ ಅದು ಹೆಚ್ಚಿದಾಗ ತಮ್ಮವರು ಸಾಕಷ್ಟು ಸೇರಿದ್ದಾರೆಂದು ತಿಳಿದು ಒಟ್ಟಾಗಿ ಕೆಲಸಕ್ಕಿಳಿಯುತ್ತವೆ. ಈ ರಾಸಾಯನಿಕ ಸಂಕೇತ ಜೀವಕೋಶದ ಪೊರೆಯನ್ನು ತಾನಾಗಿಯೇ ದಾಟುತ್ತದೆಂದು ವಿಭಾಳ ಗೈಡ್ ಜಯಲಕ್ಷ್ಮೀ ಹಿಂದೆ ಬರೆದಿದ್ದರು. ವಿಭಾಳಿಗೆ ಅನುಮಾನ. ಪೊರೆಯಲ್ಲಿದ್ದು ವಸ್ತುಗಳನ್ನು ಹೊರದೂಡುವ ಒಂದು ಪಂಪು ಕೆಟ್ಟಿದ್ದ ತಳಿಯೊಂದು ಅವಳ ಬಳಿ ಇತ್ತು. ಅದು ಬೆಳೆದ ದ್ರವದಲ್ಲಿ ಸಂಕೇತ ಸಿಕ್ಕಿರಲಿಲ್ಲ. ತಯಾರೇ ಆಗುತ್ತಿಲ್ಲವೋ, ಒಳಗೇ ಸಿಕ್ಕಿಕೊಂಡಿದೆಯೋ? ಕೋಶಗಳನ್ನು ಒಡೆದು ನೋಡಬೇಕಿತ್ತು.

"ಮೇಡಂ, ಡಿಸೆಂಬರ್‌ಗೆ ನನ್ನ ಫೆಲೋಶಿಪ್ ಮುಗಿಯತ್ತೆ. ಬೇರೆ ಯಾರಿಗಾದ್ರೂ ಈ ಕೆಲಸ ಕೊಟ್ಬಿಡಿ," ಎಂದಳು ಫೋನಿನಲ್ಲಿ.

"ಯಾರಿಗೂ ಕೊಡಲ್ಲ. ನಾನೇ ಮಾಡ್ತೀನಿ," ಎಂದರು ಜಯಲಕ್ಷ್ಮೀ.

ನಿವೃತ್ತಿಯ ಅಂಚಿನಲ್ಲಿದ್ದ ಅವರು ಸಭೆ, ಫೈಲುಗಳ ನಡುವೆ ಪಿಪೆಟ್ ಹಿಡಿದೇ ವರ್ಷಗಳಾಗಿದ್ದವು. ಮೊದಲ ಸಲ ಬ್ಯಾಕ್ಟೀರಿಯಾ ಬೆಳೆಸುವ ತಟ್ಟೆಗಳಿಗೆಲ್ಲ ಬೂಷ್ಟು ಹಿಡಿಯಿತು. ಮುಂದಿನ ಸಲ ಕರೆಂಟ್ ಹೋಗಿ ಎಲ್ಲ ಹಾಳಾಯಿತು. ಆದರೂ ಸಂಜೆ ಫೋನ್ ಮಾಡಿ, "ಐಸ್ ಮೇಲೆ ಎಷ್ಟು ಹೊತ್ತು ಇಡ್ತಿದ್ದೆ, ಹೇಳು," ಎಂದು ಶಿಷ್ಯೆಯನ್ನೇ ಕೇಳುತ್ತಿದ್ದರು.

ಒಂದು ಶನಿವಾರ ಮಧ್ಯಾಹ್ನ ಆಟೋ ಬಂದು ನಿಂತಿತು. ಬಾಗಿಲು ತೆರೆದ ವಿಭಾಳ ತಾಯಿ ಪ್ರೇಮಮ್ಮ, "ಅಯ್ಯೋ, ಇಂಥಾ ವೆಯಿಲಲ್ಲಿ, ಉರಿಬಿಸಿಲಲ್ಲಿ ಬಂದ್ರಾ! ಫ್ಯಾನ್ ಕೆಳಗೆ ಕೂತ್ಕೊಳ್ಳಿ ಮೇಡಂ," ಎಂದು ನೀರು ತರಲು ಹೋದರು.

ಜಯಲಕ್ಷ್ಮೀ ನೇರವಾಗಿ ಮಂಚದ ಮೇಲೆ ಕುಳಿತು ಚೀಲದಿಂದ ಒಂದು ಫೋಟೋ ಹೊರತೆಗೆದರು. ಸಂಕೇತ ತಾಗಿದರೆ ನೀಲಿಯಾಗುವ ಪರೀಕ್ಷೆಯ ತಟ್ಟೆಯ ಚಿತ್ರ ಅದು. ಹೊರಗಿನ ದ್ರವ ಹಾಕಿದ ಕಡೆ ಬಣ್ಣವಿಲ್ಲ. ಒಡೆದ ಕೋಶಗಳ ರಸ ಹಾಕಿದ ಕಡೆ ಕಡುನೀಲಿ.

"ಒಳಗೇ ಇದೆ ಕಣೇ! ಪಂಪಿಲ್ಲದೆ ಹೊರಗೆ ಬರ್ತಾನೇ ಇಲ್ಲ. ನಾನು ಬರೆದಿದ್ದು ತಪ್ಪು."

"ನಿಮ್ಮ ಮಾತು ಸುಳ್ಳು ಮಾಡೋಕೆ ನೀವೇ ಇಷ್ಟು ಕಷ್ಟಪಟ್ರಾ ಮೇಡಂ?"

"ರಿಟೈರ್ ಆಗೋಕೆ ಮುಂಚೆ ನಿಜ ಗೊತ್ತಾಯ್ತಲ್ಲ, ಸಾಕು. ಪಂಪಿನ ಸರಿಯಾದ ಜೀನ್ ವಾಪಸ್ ಸೇರಿಸಿ ನೋಡೋದು ಬಾಕಿ ಇದೆ. ಅದನ್ನ ನಾನು ಮುಟ್ಟಿಲ್ಲ. ಯೋಚನೆ ನಿಂದು, ನೀನೇ ಬಂದು ಮುಗಿಸು."

ವಿಭಾಳಿಗೆ ಆ ರಾತ್ರಿ ಎಷ್ಟೋ ದಿನಗಳ ಮೇಲೆ ಚೆನ್ನಾಗಿ ನಿದ್ದೆ ಬಂತು.

ಅಕ್ಟೋಬರಿನಲ್ಲಿ ಮಗಳನ್ನು ತಾಯಿಯ ಬಳಿ ಬಿಟ್ಟು ಅವಳು ಲ್ಯಾಬಿಗೆ ಮರಳಿದಳು. ಜೀನ್ ಸೇರಿಸಿದ ತಳಿ ಬೆಳೆದ ದ್ರವ ತಟ್ಟೆಯನ್ನು ನೀಲಿಯಾಗಿಸಿತು. ಸಂಕೇತ ಹೊರಗೆ ಬಂದಿತ್ತು. ಜಯಲಕ್ಷ್ಮೀ ಅವರ ಸಭೆ ಮುಗಿಯುವವರೆಗೂ ಅವಳು ತಟ್ಟೆ ಹಿಡಿದು ಕಾರಿಡಾರಿನಲ್ಲೇ ಕಾದಳು. ಮೇಡಂ ಎದುರು ಬಂದಾಗ ನೀಲಿ ತಟ್ಟೆ ತೋರಿಸಿದಳು. ಇನ್ನೊಂದು ಕೈಯಿಂದ ಅವರ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಅಳ್ಬೇಡ ಕಣೇ, ತಟ್ಟೆ ಬೀಳಿಸ್ತೀಯಾ," ಎಂದರು ಜಯಲಕ್ಷ್ಮೀ, ಕನ್ನಡಕ ತೆಗೆದು ತಮ್ಮ ಕಣ್ಣೊರೆಸಿಕೊಳ್ಳುತ್ತ.