ತೇವಕ್ಕೆ ಕಳೆದ ತೂಕ

ನನ್ನನ್ನು ತೂಗುವುದು ಕೊಬ್ಬರಿ ಚೀಲ ತೂಗುವ ಮೆಷಿನ್ನಿನ ಮೇಲೆ. ನಗುವವರು ನಗಲಿ. ಮನೆಗಳಲ್ಲಿ ಇಟ್ಟುಕೊಳ್ಳುತ್ತಾರಲ್ಲ, ಗಾಜಿನ ಪುಟ್ಟ ಸ್ಕೇಲು, ಅದರ ಮೇಲೆ ಏನನ್ನೂ ಹಿಡಿಯದೆ ನಿಲ್ಲಲು ನನಗಾಗದು. ಗೋಡೆ ಹಿಡಿದರೆ ಅದು ಸುಳ್ಳು ಹೇಳುತ್ತದೆ. ಹೊನ್ನವಳ್ಳಿಯಲ್ಲಿ ನಮ್ಮ ಮನೆಯ ಮುಂಭಾಗವೇ ಕೊಬ್ಬರಿ ಅಂಗಡಿ. ನಮ್ಮೆಜಮಾನರು ಜ್ಞಾನೇಶ್ ಗಾಲಿಕುರ್ಚಿ ಸಮೇತ ನನ್ನನ್ನು ಮೆಷಿನ್ನಿಗೆ ಹತ್ತಿಸಿ, ಕುರ್ಚಿಯ ತೂಕ ಕಳೆದು, ಉಳಿದದ್ದನ್ನು ಕೂಗಿ ಹೇಳುತ್ತಿದ್ದರು. ಅಂಕಿ ಕಾಣುತ್ತಿದ್ದುದು ಅವರ ಮೇಜಿನ ಕಡೆಗೆ, ನನಗಲ್ಲ.

ನನಗಿರುವುದು ಮಲ್ಟಿಪಲ್ ಸ್ಕ್ಲೆರೋಸಿಸ್. ಡಾಕ್ಟರು ಚಿಕ್ಕದಾಗಿ ಎಂಎಸ್ ಅನ್ನುತ್ತಾರೆ. "ಎಂಎಸ್ ಮಾಡ್ಕಂಡಿದ್ದಾಳಂತೆ ಸೌಂದರ್ಯ, ಯಾವ ಕಾಲೇಜಲ್ಲಂತೆ?" ಎಂದು ಕೇಳಿದ ಪುಣ್ಯಾತ್ಮರೂ ಇದ್ದಾರೆ. ಮಿದುಳು, ಬೆನ್ನುಹುರಿಗಳಲ್ಲಿ ನರದ ಮೇಲಿನ ಹೊದಿಕೆ ಅಲ್ಲಲ್ಲಿ ಹಾಳಾಗುತ್ತದೆ, ಕಾಲು ನಮ್ಮ ಮಾತು ಕೇಳುವುದನ್ನು ಬಿಡುತ್ತದೆ. ಕಾಯಿಲೆ ಜೋರಾದಾಗಲೆಲ್ಲ ಸ್ಟೀರಾಯ್ಡ್ ಡ್ರಿಪ್ಪು ಏರಿಸಿದರು. ಹಾಳು ಹಸಿವು ಹೆಚ್ಚಿತು, ಓಡಾಟ ಮೊದಲೇ ನಿಂತಿತ್ತು, ಮೈ ಬರದೆ ಇನ್ನೇನಾದೀತು?

ನಮ್ಮತ್ತೆ ಶಾಂತಕುಮಾರಿಯವರಿಗೆ ಡಾಕ್ಟರ ಮಾತಿನಲ್ಲಿ ಹೊದಿಕೆ ಅನ್ನುವುದೊಂದೇ ಕೇಳಿಸಿದ್ದು. "ಹೊದಿಕೆ ಸವೆದೋಗ್ಯದೆ ಅಂದ್ರೆ ಜಿಡ್ಡು ಸಾಲ್ದು ಅಂತ ತಾನೆ? ತಿನ್ನವ್ವ, ನರ ಒಣಗ್ಬಾರ್ದು" ಎಂದು ಹೊತ್ತುಹೊತ್ತಿಗೆ ಕೊಬ್ಬರಿ, ಬೆಲ್ಲ, ಬಾಣಂತಿಗೆ ಕಟ್ಟುವ ಅಂಟಿನುಂಡೆ. ಹೆರದೆಯೇ ನನಗೆ ಬಾಣಂತನ. ನಾನು ಬೈದೆ, ಗೊಣಗಿದೆ, ತಿಂದೆ.

ಕಾಯಿಲೆ ಬಂದ ಮೇಲೆ ಎಲ್ಲದಕ್ಕೂ ಇನ್ನೊಬ್ಬರ ಕೈ ಬೇಕು. ಸ್ನಾನಕ್ಕೆ ಮಾತ್ರ ಬೇಡವಾಗಿತ್ತು. ಬಚ್ಚಲಲ್ಲಿ ಸ್ಟೂಲಿನ ಮೇಲೆ ಕೂತು ನೀರು ಹಾಕಿಕೊಂಡು, ಗೋಡೆಗೆ ಬಿಗಿಸಿದ ಕಂಬಿ ಹಿಡಿದು ನಾನೇ ಎದ್ದು ಬರುತ್ತಿದ್ದೆ. ಆ ಹೊತ್ತಿನಲ್ಲಿ ನಾನು ರೋಗಿಯಲ್ಲ. ಅದೊಂದು ಕೈತಪ್ಪೀತು ಎಂಬುದೇ ನನ್ನ ಹೆದರಿಕೆ.

ತಿಪಟೂರಿನ ಕ್ಲಿನಿಕ್ಕಿನಲ್ಲಿ ನನಗೆ ವ್ಯಾಯಾಮ ಹೇಳಿಕೊಡುವ ನಿಸರ್ಗ ಅದನ್ನೇ ಎತ್ತಿದಳು.

"ಅಕ್ಕಾ, ಕಾಲಿನ ಕೆಲ್ಸಾನೂ ನಿಮ್ ಕೈಯೇ ಮಾಡ್ತಿರೋದು. ಮೈ ಹಿಂಗೇ ಬರ್ತಾ ಇದ್ರೆ ಬಚ್ಚಲಲ್ಲಿ ಕೈ ಎಷ್ಟೂಂತ ಎತ್ತುತ್ತೆ? ಉಪವಾಸ ಗಿಪವಾಸ ಬೇಡ, ಇನ್ನೂ ಸುಸ್ತಾಗ್ತೀರಾ. ನಿಧಾನಕ್ಕೆ ಇಳಿಸಾಣ."

ಮುದ್ದೆ ಅರ್ಧವಾಯಿತು, ಅಂಟಿನುಂಡೆ ನಿಂತಿತು, ಸೊಪ್ಪು, ಕಾಳು ಹೆಚ್ಚಾದವು. ಬಿಸಿಲೇರಿದರೆ ನನ್ನ ಕಾಲು ಪೂರ್ತಿ ಕೈಕೊಡುವುದರಿಂದ ತಂಪುಹೊತ್ತಿನಲ್ಲೇ ಕುರ್ಚಿಯಲ್ಲಿ ಕೂತು ವ್ಯಾಯಾಮ. ಭಾನುವಾರ ತೂಕ.

"ಇಳ್ದದೆ ಕಣೇ!" ಎಂದರು ಜ್ಞಾನೇಶ್ ಮೊದಲ ವಾರವೇ. ಮರುವಾರವೂ ಇಳಿದಿತ್ತು, ಅದರ ಮರುವಾರವೂ. ನನಗೆ ಕೊಂಬು ಬಂತು. ಇಳಿಯುತ್ತಿದೆಯಲ್ಲ, ಅತ್ತೆಯ ಮನಸ್ಸು ಯಾಕೆ ನೋಯಿಸಲಿ ಎಂದು ಅಂಟಿನುಂಡೆಯನ್ನು ಮತ್ತೆ ಬಾಯಿಗೆ ಹಾಕಿಕೊಳ್ಳತೊಡಗಿದೆ.

ಶ್ರಾವಣದ ಒಂದು ಸೋಮವಾರ ತಲೆಗೆ ನೀರು ಹಾಕಿಕೊಂಡು ಕಂಬಿ ಹಿಡಿದೆ. ಏಳಲಿಲ್ಲ. ಇನ್ನೊಮ್ಮೆ ಎಳೆದೆ, ಮೊಣಕೈ ನಡುಗಿತು, ಕುಕ್ಕರಿಸಿಬಿಟ್ಟೆ. ಕಾಯಿಲೆ ತಿರುಗಿ ಏರಿತೇ ಎಂದು ಎದೆ ಧಸಕ್ಕೆಂದಿತು. ಸಾಕಷ್ಟು ಹೊತ್ತು ಕೂತು, ಕೊನೆಗೆ ಕೂಗಿದೆ. ಅತ್ತೆ, ಗಂಡ ಇಬ್ಬರೂ ಓಡಿಬಂದು ಕಂಕುಳಿಗೆ ಕೈಕೊಟ್ಟು ಎತ್ತಿದರು. ಮೈಮೇಲೆ ಒಂದು ಒದ್ದೆ ಟವಲ್ಲು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಅಂದೇ ತಿಪಟೂರಿಗೆ ಕರೆದೊಯ್ದರು. ಡಾಕ್ಟರು ಕಾಲು, ಕೈ, ಕಣ್ಣು ಎಲ್ಲ ನೋಡಿ, ಕಾಯಿಲೆ ಏರಿದ ಲಕ್ಷಣವಿಲ್ಲ ಎಂದರು. ಕ್ಲಿನಿಕ್ಕಿಗೆ ಹೊಸದಾಗಿ ಗಾಲಿಕುರ್ಚಿಯೇ ಹತ್ತುವಂಥ ತೂಕದ ಮೆಷಿನ್ನು ಬಂದಿತ್ತು. ನಿಸರ್ಗ ನನ್ನನ್ನು ಅದಕ್ಕೆ ಹತ್ತಿಸಿದಳು, ಕುರ್ಚಿಯನ್ನು ಬೇರೆಯಾಗಿ ತೂಗಿ ಕಳೆದಳು, ಹುಬ್ಬು ಗಂಟಿಕ್ಕಿದಳು.

"ಅಕ್ಕಾ, ಶುರುವಲ್ಲಿ ನೀವು ಬರೆಸಿದ್ದಕ್ಕಿಂತ್ಲೂ ಜಾಸ್ತಿಯಾಗಿದೆ."

"ನಿಮ್ ಮೆಷಿನ್ನು ಕೆಟ್ಟದೆ ಬುಡಮ್ಮ" ಎಂದೆ ನಾನು. ಜ್ಞಾನೇಶ್ ಮಾತ್ರ ಕಿಟಕಿಯಾಚೆ ನೋಡುತ್ತ ನಿಂತಿದ್ದರು. ಹದಿನಾರು ವರ್ಷ ಸಂಸಾರ ಮಾಡಿದವಳಿಗೆ ಆ ಬೆನ್ನು ನೋಡಿದರೆ ಸಾಕು.

"ಇಲ್ಲಿ ತಿರುಗ್ರೀ. ಏನ್ ಮಾಡಿದ್ರಿ?"

"ಏನಿಲ್ಲ ಕಣೇ... ಕೊಬ್ಬರಿ ತೂಗ್ವಾಗ ಚೀಲ ಕಳೆದ್ಮೇಲೆ ತೇವಕ್ಕೂ ಒಂಚೂರು ಕಳೆಯೋದು ಅಭ್ಯಾಸ ಅಲ್ವಾ? ಮೊದಲ್ನೇ ಭಾನುವಾರ ಕುರ್ಚಿ ಕಳೆದು, ಹಂಗೇ ತೇವಕ್ಕೂ ಕಳೆದ ಲೆಕ್ಕ ಬಾಯಿಗೆ ಬಂದ್ಬುಡ್ತು. ನಿನ್ ಮುಖ ಎಷ್ಟು ಅರಳ್ತು ಗೊತ್ತಾ? ಅದಾದ್ಮೇಲೆ ನಿಜ ಹೇಳಕ್ಕೆ ಬಾಯೇ ಬರ್ಲಿಲ್ಲ. ವಾರ ವಾರ ಒಂಚೂರು ಹೆಚ್ಚಿಗೆ ಕಳೀತಾ ಬಂದೆ."

"ತೇವಕ್ಕಾ? ಕಟ್ಕಂಡ ಹೆಂಡ್ತಿಗೆ ತೇವಕ್ಕೆ ಕಳೆದ್ರಾ? ನಾನೇನು ಒಣಗೋಕ್ ಮುಂಚೆ ಅಟ್ಟದಿಂದ ಇಳಿಸಿದ ಹಸಿ ಕೊಬ್ಬರೀನಾ?"

ನಿಸರ್ಗಳಿಗೆ ನಗು ತಡೆಯಲಾಗಲಿಲ್ಲ. ನನಗೂ ಒಂದು ಗಳಿಗೆ ನಗು ಬಂತು, ಹಿಂದೆಯೇ ಅಳು ಒತ್ತರಿಸಿಕೊಂಡು ಬಂತು. ಹಾಳಾದವನಿಗೆ ನನ್ನ ಮೇಲೆ ಪ್ರೀತಿ ಇಲ್ಲದಿದ್ದರೆ ಎರಡು ಬಾರಿಸಿ ಸುಮ್ಮನಾಗಬಹುದಿತ್ತು.

"ಬಾಯಲ್ಲಿ ಕಳೆದ್ರಲ್ಲ, ಬಚ್ಚಲಲ್ಲಿ ಕಳೀತಾ? ಅಲ್ಲಿ ನೀವೂ ಅತ್ತೇನೂ ಎತ್ತಿದ್ದು ಪೂರಾ ತೂಕಾನೇ" ಎಂದೆ.

ಮನೆಗೆ ಬಂದು ಮೆಷಿನ್ನಿನ ಅಂಕಿ ನನ್ನ ಕಡೆಗೆ ಕಾಣುವಂತೆ ತಿರುಗಿಸಿ ಇಡಿಸಿದೆ. ಅತ್ತೆಯನ್ನೂ ಕೂರಿಸಿಕೊಂಡು, ಇನ್ನು ಕೊಬ್ಬರಿ, ಉಂಡೆ ತರಬೇಡಿ ಎಂದು ಹೇಳಿದೆ. ಅವರು ಸೆರಗಿನ ತುದಿ ಮಡಿಸುತ್ತ, ಬಿಚ್ಚುತ್ತ ಕೇಳಿಸಿಕೊಂಡರು.

"ಕಾಲು ಕೊಡಕ್ಕಾಗ್ದು, ಕಾಯಿಲೆ ತಗಳಕ್ಕಾಗ್ದು. ಇನ್ನೇನವ್ವಾ ಕೊಡ್ಲಿ ನಾನು? ಬರಿಗೈಲಿ ನಿನ್ ಮುಂದೆ ಹೆಂಗ್ ಬರ್ಲಿ?" ಎಂದರು.

ನನ್ನ ಸಿಟ್ಟೆಲ್ಲ ಇಳಿದುಹೋಯಿತು. "ಬರಿಗೈಲೇ ಬನ್ನಿ ಅತ್ತೆ, ಬಂದು ಕೂತ್ಕಳಿ" ಎಂದೆ. ಮಾರನೆಯ ಬೆಳಗ್ಗೆಯಿಂದ ಅವರೂ ಎದುರಿಗೊಂದು ಕುರ್ಚಿ ಎಳೆದುಕೊಂಡು ನನ್ನ ಜೊತೆ ಕೈ ಎತ್ತುವುದು, ಇಳಿಸುವುದು ಶುರು ಮಾಡಿದರು. ಭುಜದ ನೋವಿಗೆ ನಿಸರ್ಗಳನ್ನೂ ನನ್ನನ್ನೂ ಸೇರಿಸಿ ಬೈಯುವುದು ಬೇರೆ.

ತೂಕ ನಿಜವಾಗಿ ಇಳಿಯುವುದು ಬಲು ನಿಧಾನ. ಒಂದು ವಾರ ಇಳಿದರೆ ಎರಡು ವಾರ ಅಲ್ಲೇ. ಸುಸ್ತು ಹೆಚ್ಚಾದ ದಿನ ವ್ಯಾಯಾಮವೂ ಇಲ್ಲ, ಅಂಥ ದಿನ ಯಾರ ಜೊತೆಗೂ ಮಾತು ಬೇಡ. ಅಷ್ಟೂ ತಿಂಗಳು ಜ್ಞಾನೇಶ್ ಬಚ್ಚಲೊಳಗೆ ಬಂದು ನನ್ನನ್ನು ಎತ್ತಿದರು. ಬಾಗಿಲು ತೆರೆದೇ ಇರುತ್ತಿತ್ತು, ಅಂಗಡಿಗೆ ಬಂದವರ ಮಾತೆಲ್ಲ ಕೇಳಿಸುತ್ತಿತ್ತು, ನಾನು ಗೋಡೆಯ ಕಡೆ ಮುಖ ಮಾಡಿ ನೀರು ಹಾಕಿಕೊಳ್ಳುತ್ತಿದ್ದೆ.

ಶಿವರಾತ್ರಿಯ ದಿನ ಅವರು ಒಳಗೆ ಬರುವಾಗ ತಡೆದೆ.

"ಹೊಸಿಲಾಚೆ ನಿಂತ್ಕಳಿ. ಕರೆದ್ರೆ ಬನ್ನಿ."

ಕಂಬಿ ಹಿಡಿದೆ. ಸ್ವಲ್ಪ ಎದ್ದೆ, ಕೂತೆ. ಕೈ ಸೋಪಿಗೆ ಜಾರುತ್ತಿದೆ ಎಂದು ಒರೆಸಿಕೊಂಡು ಮತ್ತೆ ಹಿಡಿದೆ. ಭುಜ ಉರಿಯಿತು, ಸ್ಟೂಲು ಕರ್ರೆಂದಿತು, ಮೊಣಕಾಲು ನೆಟ್ಟಗಾಯಿತು. ನಿಂತಿದ್ದೆ.

"ಸೌಂದರ್ಯಾ? ಯಾಕೇ ಸುಮ್ಕಾದೆ? ಬರ್ಲಾ?"

"ಬಂದೀರಾ ಮತ್ತೆ! ಬಟ್ಟೆ ಹಾಕ್ಕಬೇಕು ನಾನು" ಎಂದೆ. ಗೋಡೆ ಹಿಡಿದು ಎರಡು ಹೆಜ್ಜೆ ಬಂದು, ಕಣ್ಣೊರೆಸಿಕೊಳ್ಳುತ್ತಿದ್ದ ನನ್ನ ಗಂಡನ ಮುಖದ ಮೇಲೆಯೇ ಬಾಗಿಲು ಹಾಕಿದೆ.