ಓರೆಗಣ್ಣಿಗೆ ಕಂಡ ಪರದೆ

ಗದಗಿನಲ್ಲಿ ಮೈಲಾರಲಿಂಗಪ್ಪನ ಛಾಪಖಾನೆಗೆ ಕಂಪ್ಯೂಟರ್ ಬಂದದ್ದು ಎಂಬತ್ತೊಂಬತ್ತರಲ್ಲಿ. ಅಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದ ಅಲ್ಮಾಸಬಿಯ ಬೆರಳುಗಳು ಕೀಲಿಮಣೆಗೆ ಬೇಗ ಒಗ್ಗಿದವು. ಶಾಲೆ ಅರ್ಧಕ್ಕೇ ಬಿಟ್ಟಿದ್ದ ಹುಡುಗಿ ಲಗ್ನಪತ್ರಿಕೆಗಳನ್ನು ಸರಸರ ಹೊಡೆದಿಡುತ್ತಿದ್ದಳು. ಆದರೆ ಸಂಜೆಯಾದರೆ ತಲೆ ಸಿಡಿಯುತ್ತಿತ್ತು, ಕಣ್ಣಲ್ಲಿ ನೀರು. ದೋಷ ಕಂಪ್ಯೂಟರಿನ ಪರದೆಯದೇ ಎಂದು ಅವಳಿಗೆ ಗೊತ್ತಿತ್ತು. ಹೇಳಲು ಬಾಯಿ ಬರಲಿಲ್ಲ.

ಒಂದು ದಿನ ಅವಳ ಅಪ್ಪ ಗುಡುಸಾಬ ಬೆಟಗೇರಿಯ ಮಗ್ಗದಿಂದ ಎದ್ದು ನೇರ ಬಂದೇಬಿಟ್ಟ. ಲುಂಗಿಯ ತುಂಬ ನೂಲಿನ ಎಳೆ.

"ಮಾಲಕರ, ನಾಳಿಂದ ಮಗಳು ಬರೂದಿಲ್ಲರಿ. ಈ ಪರದೆ ನೋಡಿ ನೋಡಿ ಕಣ್ಣ ಕಳಕೊಂಡ ಹುಡುಗಿನ್ನ ಯಾರ ನಿಖಾ ಮಾಡ್ಕೋತಾರ?"

ಮೈಲಾರಲಿಂಗಪ್ಪ ಬಗ್ಗಿ ಪರದೆಯನ್ನು ದಿಟ್ಟಿಸಿದ. "ಏನಾಗೇತೋ ಇದಕ್ಕ? ಕಲ್ಲಾಗ ಕೆತ್ತಿದಂಗ ನಿಂತಾವ ಅಕ್ಷರ."

ಗುಡುಸಾಬನೂ ದಿಟ್ಟಿಸಿದ. "ಹೌದ್ರಿ, ನಿಂತಾವ. ಹಂಗಾರ ಇಕಿ ಕಣ್ಣಾಗ ದೋಷ. ನಡಿ ಬೇಟಿ."

ಮನೆಗೆ ಹೋದರೆ ಮತ್ತೆ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುವುದೇ. ತಾನು ಹೊಡೆದ ಅಕ್ಷರ ಊರೂರಿಗೆ ಹೋಗುವ ಸುಖ ಇವತ್ತಿಗೇ ಮುಗಿಯಿತು. ಅಲ್ಮಾಸಬಿ ಸೆರಗು ಹಿಡಿದುಕೊಂಡು ಹೇಳಿದಳು:

"ಅಬ್ಬಾ, ಪರದೆ ನೋಡಬ್ಯಾಡ್ರಿ. ಗ್ವಾಡಿ ನೋಡ್ರಿ."

"ಗ್ವಾಡಿ ಯಾಕ?"

"ಗ್ವಾಡಿ ನೋಡ್ರಿ. ಪರದೆ ಓರೆಗಣ್ಣಿಗಿ ಬೀಳ್ಲಿ."

ಗಂಡಸರ ಮುಂದೆ ಅವಳು ಯಾವುದನ್ನೂ ನೆಟ್ಟಗೆ ನೋಡಿದವಳಲ್ಲ. ಅವಳಿಗೆ ಪರದೆಯ ದೋಷ ಮೊದಲು ಕಂಡದ್ದೂ ಹಾಗೆ ಓರೆಗಣ್ಣಿಗೇ.

ಗುಡುಸಾಬ ಗೋಡೆಯ ಕ್ಯಾಲೆಂಡರಿಗೆ ಮುಖ ಮಾಡಿದ. ಒಮ್ಮೆಲೆ ಬೆಚ್ಚಿದ. "ಯಾ ಅಲ್ಲಾ! ಪರದೆ ಥಂಡಿ ಹತ್ತಿದಂಗ ನಡಗಾಕತ್ತೇತಲ್ರಿ!"

ಮಾಲಕನೂ ಹಾಗೆಯೇ ಓರೆಯಾಗಿ ನೋಡಿ, ಕಂಪ್ಯೂಟರಿನ ಸಂಗಡ ಬಂದಿದ್ದ ಪುಸ್ತಕ ತಿರುವಿದ. ಪರದೆಯ ಚಿತ್ರ ಸದಾ ಅಳಿದು ಮತ್ತೆ ಮೂಡುತ್ತದೆ ಎಂದು ಅದರಲ್ಲಿತ್ತು; ನಿಧಾನವಾದರೆ ನಡುಗುತ್ತದೆ. ಕಂಪ್ಯೂಟರ್ ಕೂಡಿಸಿ ಕೊಟ್ಟವರು ಅದನ್ನು ಸೆಕೆಂಡಿಗೆ ಬರೇ ಐವತ್ತಾರು ಸಲಕ್ಕೆ ಇಟ್ಟಿದ್ದರು.

ಗುಡುಸಾಬನಿಗೆ ತಟ್ಟನೆ ಹೊಳೆಯಿತು. "ಮಗ್ಗದಾಗ ಲಾಳಿ ಮೆಲ್ಲಕ ಓಡಿದ್ರ ಕಣ್ಣಿಗಿ ಕಾಣತೈತಿ, ಜೋರ ಓಡಿದ್ರ ಬರೇ ಗೆರಿ. ಜೋರ ಓಡಸ್ರಿ!"

ಮಾಲಕ ಎಲ್ಲಕ್ಕಿಂತ ಮೇಲಿನ ಅಂಕಿಯನ್ನೇ ಒತ್ತಿದ. ಅಕ್ಷರಗಳು ಚಿಂದಿಯಾಗಿ ಉರುಳಿದವು. "ಹೋತಲೇ ಗುಡುಸಾಬ, ನಿನ್ನ ಮಾತ ಕೇಳಿ ಮಷೀನಾ ಹೋತು!"

"ಭಾಳ ಜೋರಾತು, ಎಳಿ ಹರೀತ್ರಿ," ಎಂದಳು ಅಲ್ಮಾಸಬಿ. "ಒಂದ ಮೆಟ್ಟಲ ಕೆಳಗ ಇಳಸ್ರಿ."

ಎಪ್ಪತ್ತಕ್ಕೆ ಇಳಿಸಿದರು. ಚಿತ್ರ ನಿಂತಿತು. ಅವಳು ಗೋಡೆಯತ್ತ ತಿರುಗಿ ಕಾದಳು. ಕಣ್ಣಂಚಿನಲ್ಲೂ ಪರದೆ ಕೆರೆಯ ನೀರಿನಂತೆ ಸುಮ್ಮನಿತ್ತು.

"ಹಂಗಾರ ನಾಳಿಂದ?" ಮಾಲಕ ಕೇಳಿದ.

"ನಾಳಿಂದ ಜಲ್ದಿ ಕಳಸ್ತೀನ್ರಿ."

ಬೆಟಗೇರಿಯ ಓಣಿ ಸೇರುವಷ್ಟರಲ್ಲಿ ಗುಡುಸಾಬನ ಎದೆ ಉಬ್ಬಿತ್ತು. ಪಕ್ಕದ ಮಗ್ಗದ ಅಲ್ಲಾಸಾಬನನ್ನು ತಡೆದು ನಿಲ್ಲಿಸಿದ: "ಹತ್ತ ಮಂದಿ ನೆಟ್ಟ ನೋಡಿದ್ರೂ ಕಾಣ್ಲಿಲ್ಲೋ! ನನ್ನ ಮಗಳು ನೋಡಲಾರದನ ಕಂಡಳು!"

"ಹತ್ತಲ್ಲ, ಇಬ್ಬರ್ರಿ ಅಬ್ಬಾ," ಎಂದಳು ಹಿಂದಿನಿಂದ ಅಲ್ಮಾಸಬಿ, ಇಡೀ ಓಣಿಗೆ ಕೇಳುವಂತೆ.